ಸೇಂಟ್ ಗ್ಯಾಲನ್ನಿನ ಮಠದಲ್ಲಿ ಅರ್ಧ ದಿನ

ಸ್ವಿಟ್ಜರ್ಲೆಂಡಿಗೆ ಹೋದವರೆಲ್ಲ ಹಿಮದ ಬೆಟ್ಟಗಳನ್ನು ನೋಡಿ ಬರುತ್ತಾರೆ. ನಾವೂ ನೋಡಿದೆವು, ಚೆನ್ನಾಗಿಯೇ ಇವೆ. ಆದರೆ ಹಿಂದಿರುಗಿದ ಮೇಲೆ ಮನೆಯಲ್ಲಿ ಮತ್ತೆ ಮತ್ತೆ ಮಾತಿಗೆ ಬರುವುದು ಸೇಂಟ್ ಗ್ಯಾಲನ್ ಊರಿನ ಹಳೆಯ ಕ್ಯಾಥೊಲಿಕ್ ಮಠ. ಜ್ಯೂರಿಕ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ.

612ರ ಸುಮಾರಿಗೆ ಗಾಲಸ್ ಎಂಬ ಸಂನ್ಯಾಸಿ ಇಲ್ಲಿಯ ಕಾಡಿನಲ್ಲಿ ಗುಡಿಸಲು ಕಟ್ಟಿಕೊಂಡನೆಂದು ಪ್ರತೀತಿ. ನೂರು ವರ್ಷಗಳ ತರುವಾಯ ಅದೇ ಸ್ಥಳದಲ್ಲಿ ಓಟ್ಮರ್ ಎಂಬಾತ ಮಠ ಸ್ಥಾಪಿಸಿದ. ಈಗಿನ ಎರಡು ಗೋಪುರಗಳ ಇಗರ್ಜಿ 18ನೆಯ ಶತಮಾನದ್ದು. ಅದರ ಮಾಳಿಗೆಯ ಚಿತ್ರಗಳನ್ನು ನೋಡಿ ನೋಡಿ ಕತ್ತು ನೋಯಿತೆಂದಷ್ಟೇ ಹೇಳಿ ಮುಂದೆ ಹೋಗುತ್ತೇವೆ.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಗ್ರಂಥಭಂಡಾರ. ಬಾಗಿಲ ಮೇಲೆ ಗ್ರೀಕ್ ಭಾಷೆಯಲ್ಲಿ ‘ಆತ್ಮದ ಚಿಕಿತ್ಸಾಲಯ’ ಎಂದು ಬರೆದಿದೆ. ರೂಢಿಯಂತೆ ನಾವು ಪಾದರಕ್ಷೆ ಕಳಚಲು ಬಗ್ಗಿದೆವು. ಅಲ್ಲಿ ಕಳಚುವಂತಿಲ್ಲ, ಚಿತ್ತಾರದ ಮರದ ನೆಲ ಸವೆಯಬಾರದೆಂದು ಬೂಟಿನ ಮೇಲೆಯೇ ಉಣ್ಣೆಯ ದೊಡ್ಡ ಚಪ್ಪಲಿ ತೊಡಬೇಕು. ಮಕ್ಕಳು ಜಾರಾಟಕ್ಕೆ ತೊಡಗಿ ಬೈಸಿಕೊಂಡರು.

ಇಲ್ಲಿ ಸುಮಾರು 2,100 ಹಸ್ತಪ್ರತಿಗಳಿವೆ. 9ನೆಯ ಶತಮಾನದಲ್ಲಿ, ಹೊಲಿದ ಐದು ಚರ್ಮದ ಹಾಳೆಗಳ ಮೇಲೆ ಬರೆದ ಮಠದ ನಕ್ಷೆಯೊಂದಿದೆ. ಅದರಲ್ಲಿ ಅಡಿಗೆಮನೆ, ಆಸ್ಪತ್ರೆ, ಕೋಳಿಗೂಡು ಸಹ ಉಂಟು. 1805ರಲ್ಲಿ ಸರ್ಕಾರ ಮಠವನ್ನೇ ಮುಚ್ಚಿತು. ಸಂನ್ಯಾಸಿಗಳು ಹೋದರು, ಗ್ರಂಥಗಳು ಉಳಿದವು.

ಅದಕ್ಕೂ ಮುಂಚೆ, 926ರಲ್ಲಿ, ಹಂಗೇರಿಯ ಕುದುರೆ ದಂಡು ಬಂದಾಗಲೇ ಅವು ಹಾಳಾಗಬೇಕಿತ್ತು. ಊರಿನಲ್ಲಿ ವಿಬೊರಾಡಾ ಎಂಬ ತಪಸ್ವಿನಿ ಗೋಡೆ ಕಟ್ಟಿದ ಕೋಣೆಯೊಳಗೆ ಏಕಾಂತವಾಸದಲ್ಲಿದ್ದಳು. ಮೊದಲು ಗ್ರಂಥಗಳನ್ನು ಸಾಗಿಸಿ, ಮಿಕ್ಕದ್ದು ಆಮೇಲೆ ಎಂದು ಅವಳೇ ಎಚ್ಚರಿಸಿದಳಂತೆ. ಗ್ರಂಥಗಳು ಸರೋವರದ ನಡುವಿನ ದ್ವೀಪದ ಮಠಕ್ಕೆ ಹೋದವು, ಸಂನ್ಯಾಸಿಗಳು ಕಾಡಿನ ಕೋಟೆ ಸೇರಿದರು. ಅವಳು ಮಾತ್ರ ಕೋಣೆ ಬಿಡಲಿಲ್ಲ, ಅಲ್ಲಿಯೇ ಕೊಲೆಯಾದಳು. ಗ್ರಂಥಗಳು ಮರಳಿ ಬಂದಾಗ ಲೆಕ್ಕ ಸರಿಯಿತ್ತು, ಪುಸ್ತಕಗಳು ಮಾತ್ರ ಅವೇ ಅಲ್ಲವೆಂದು ಮಠದ ಚರಿತ್ರಕಾರನೊಬ್ಬ ಬರೆದಿಟ್ಟಿದ್ದಾನೆ. ಪುಸ್ತಕ ಎರವಲು ಕೊಟ್ಟವರಿಗೆ ಈ ಸಂಕಟ ಗೊತ್ತು.

ರೈಲಿನಲ್ಲಿ ಹಿಂದಿರುಗುವಾಗ ನಮ್ಮಲ್ಲಿ ಮಾತು ಕಡಿಮೆಯಾಯಿತು. ಮುಂಬಯಿಯ ಚಾಳು ಬಿಟ್ಟು ಈಗಿನ ಮನೆಗೆ ಬಂದಾಗ ಅಜ್ಜನ ಟ್ರಂಕಿನ ಪುಸ್ತಕಗಳನ್ನೆಲ್ಲ ರದ್ದಿಯವನಿಗೆ ತೂಗಿ ಕೊಟ್ಟವರು ನಾವೇ. ಜಾಗವಿಲ್ಲವೆಂದಿದ್ದೆವು, ಕಬ್ಬಿಣದ ಮಂಚಕ್ಕೆ ಮಾತ್ರ ಜಾಗವಿತ್ತು. ಅಜ್ಜ ಕೈಯಾರೆ ನಕಲು ಮಾಡಿಕೊಂಡ ದೇವರನಾಮಗಳ ನೋಟುಪುಸ್ತಕವೊಂದು ಹೇಗೋ ಉಳಿದಿದೆ. ಮನೆ ತಲುಪಿದ ದಿನವೇ ಅದನ್ನು ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಮಕ್ಕಳ ಕೈಗೆ ಕೊಟ್ಟೆವು. ಅಕ್ಷರ ಕೂಡಿಸಿ ಓದಲು ಮಗಳಿಗೆ ಒಂದು ಸಂಜೆ ಹಿಡಿಯಿತು.