ಹಳಿಯೇ ಹೇಳುತ್ತದೆ: "ಮುಂದೆ ರೈಲಿದೆ!"

ಮಕ್ಕಳೇ, ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರೂ ತಾಲ್ಲೂಕುಗಳಲ್ಲಿ ರೈಲು ಹಳಿ ಇಲ್ಲ. ರೈಲು ನೋಡಬೇಕೆಂದರೆ ನಾವು ಚಾಮರಾಜನಗರಕ್ಕೋ ಮೈಸೂರಿಗೋ ಹೋಗಬೇಕು. ಹನೂರಿನ ಕಡೆಯ ಒಂದು ಶಾಲೆಯಲ್ಲಿ ಐದನೇ ತರಗತಿಯ ಹುಡುಗಿ ನನ್ನನ್ನು ಕೇಳಿದಳು: "ಸಾರ್, ಎದುರಿಗೆ ಏನಾದರೂ ಬಂದರೆ ಬಸ್ಸಿನವರು ಪಕ್ಕಕ್ಕೆ ತಿರುಗಿಸುತ್ತಾರೆ. ರೈಲಿನವರು ಏನು ಮಾಡುತ್ತಾರೆ?"

ಒಳ್ಳೆಯ ಪ್ರಶ್ನೆ! ರೈಲು ಹಳಿ ಬಿಟ್ಟು ಪಕ್ಕಕ್ಕೆ ಸರಿಯಲಾರದು. ವೇಗವಾಗಿ ಓಡುವ ರೈಲಿಗೆ ಬ್ರೇಕ್ ಹಾಕಿದರೂ ಅದು ನಿಲ್ಲಲು ನೂರಾರು ಮೀಟರ್ ಬೇಕು. ಆದ್ದರಿಂದ ಮುಂದೆ ಇನ್ನೊಂದು ರೈಲು ಇದೆ ಎಂಬುದು ಚಾಲಕರಿಗೆ ಮೊದಲೇ ತಿಳಿಯಬೇಕು. ತಿಳಿಸುವವರು ಯಾರು?

ಮುಂಬಯಿಯ ಲೋಕಲ್ ರೈಲು

ಉತ್ತರಕ್ಕಾಗಿ ಮುಂಬಯಿಗೆ ಹೋಗೋಣ. ಅರಬ್ಬೀ ಸಮುದ್ರದ ದಡದಲ್ಲಿರುವ ಈ ನಗರದಲ್ಲಿ ನಮ್ಮ ಕರಾವಳಿ ಮತ್ತು ಉತ್ತರ ಕರ್ನಾಟಕದಿಂದ ಹೋಗಿ ನೆಲೆಸಿದ ಕನ್ನಡಿಗರು ಬಹಳ. ಭಾರತದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಇಲ್ಲಿನ ಬೋರಿಬಂದರಿನಿಂದ ಠಾಣೆಗೆ 34 ಕಿ.ಮೀ. ಓಡಿತು. ದೇಶದ ಮೊದಲ ವಿದ್ಯುತ್ ರೈಲು ಓಡಿದ್ದೂ ಇಲ್ಲಿಯೇ, 1925ರ ಫೆಬ್ರವರಿ 3ರಂದು. ಇಂದು ಲಕ್ಷಾಂತರ ಜನ ದಿನವೂ ಉಪನಗರಗಳಿಂದ ಕೆಲಸಕ್ಕೆ ಲೋಕಲ್ ರೈಲಿನಲ್ಲಿ ಬರುತ್ತಾರೆ. ಬೆಳಿಗ್ಗೆ, ಸಂಜೆ ಒಂದೇ ಹಳಿಯ ಮೇಲೆ ಮೂರು ನಾಲ್ಕು ನಿಮಿಷಕ್ಕೊಂದು ರೈಲು ಬರುತ್ತದೆ. ಒಂದೊಂದರಲ್ಲೂ ಸಾವಿರಾರು ಜನ!

ಹಳಿಯೊಳಗಿನ ವಿದ್ಯುತ್

ಹಳಿಯನ್ನು ತುಂಡು ತುಂಡು ವಿಭಾಗಗಳಾಗಿ ಮಾಡಿ, ಪ್ರತಿ ವಿಭಾಗದ ಎರಡು ಕಂಬಿಗಳಲ್ಲಿ ಸಣ್ಣ ಪ್ರಮಾಣದ ವಿದ್ಯುತ್ ಹರಿಸುತ್ತಾರೆ. ಆ ವಿದ್ಯುತ್ ಕೊನೆಯಲ್ಲಿರುವ ವಿದ್ಯುತ್ಕಾಂತವನ್ನು ತಲುಪಿದರೆ ಅದು ಒಂದು ಕಬ್ಬಿಣದ ತೋಳನ್ನು ಎಳೆದು ಹಿಡಿಯುತ್ತದೆ. ಆಗ 'ಹಳಿ ಖಾಲಿ ಇದೆ' ಎಂದರ್ಥ. ರೈಲು ಬಂದಾಗ ಅದರ ಉಕ್ಕಿನ ಗಾಲಿ ಮತ್ತು ಅಚ್ಚು ಎರಡೂ ಕಂಬಿಗಳನ್ನು ಸೇರಿಸುತ್ತವೆ. ವಿದ್ಯುತ್ ಆ ಸುಲಭದ ದಾರಿಯಲ್ಲೇ ಹಿಂದಿರುಗುತ್ತದೆ. ಕಾಂತ ಶಕ್ತಿ ಕಳೆದುಕೊಳ್ಳುತ್ತದೆ, ತೋಳು ಬೀಳುತ್ತದೆ, ಹಿಂದಿನ ರೈಲಿಗೆ ಕೆಂಪು ದೀಪ ಕಾಣುತ್ತದೆ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಎರಡು ಟಾರ್ಚ್ ಸೆಲ್, ಒಳಗೆ ತಂತಿಯಿರುವ ಎರಡು ಟಾರ್ಚ್ ಬಲ್ಬು (ಎಲ್‌ಇಡಿ ಬೇಡ), ತುಕ್ಕು ಉಜ್ಜಿ ತೆಗೆದ ಎರಡು ಸೈಕಲ್ ಕಡ್ಡಿ, ವೈರು, ಸ್ಟೀಲ್ ಚಮಚ.

ಕಡ್ಡಿಗಳನ್ನು ಹಳಿಯಂತೆ ಜೋಡಿಸಿ. ಒಂದು ತುದಿಯಲ್ಲಿ ಸೆಲ್‌ಗಳನ್ನೂ ಮೊದಲ ಬಲ್ಬನ್ನೂ ಒಂದೇ ಸಾಲಿನಲ್ಲಿ ಸೇರಿಸಿ. ಇನ್ನೊಂದು ತುದಿಯಲ್ಲಿ ಎರಡನೆಯ ಬಲ್ಬನ್ನು ಎರಡು ಕಡ್ಡಿಗಳ ನಡುವೆ ಸೇರಿಸಿ. ಎರಡೂ ಮಂಕಾಗಿ ಉರಿಯುತ್ತವೆ. ಈಗ ಚಮಚವನ್ನು ಎರಡು ಕಡ್ಡಿಗಳ ಮೇಲೆ ಅಡ್ಡಲಾಗಿ ಒತ್ತಿ. ದೂರದ ಬಲ್ಬು ಆರಿತಲ್ಲವೇ? ಚಮಚವೇ ನಿಮ್ಮ ರೈಲು!

ಮಳೆಗೆ ರೈಲೇಕೆ ನಿಲ್ಲುತ್ತದೆ?

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿಯಿತು. ನಮ್ಮ ಕೊಳ್ಳೇಗಾಲದ ಬಯಲಿನಲ್ಲಿ ಸಾಮಾನ್ಯವಾಗಿ ವರ್ಷವಿಡೀ ಸುರಿದರೂ ಅಷ್ಟಾಗುವುದಿಲ್ಲ. ಲೋಕಲ್ ರೈಲುಗಳು ನಿಂತವು. ಜನ ನೀರಿನಲ್ಲೇ ನಡೆದು ಮನೆ ಸೇರಬೇಕಾಯಿತು.

ನೀರು ತುಂಬಿದರೆ ಬೋಗಿಗಳ ಅಡಿಯಲ್ಲಿರುವ ಮೋಟಾರುಗಳಿಗೆ ಅಪಾಯ. ಜೊತೆಗೆ, ಹಳಿಯುದ್ದಕ್ಕೂ ನಿಂತ ಕೊಳಕು ನೀರಿನ ಮೂಲಕ ವಿದ್ಯುತ್ ಒಂದು ಕಂಬಿಯಿಂದ ಇನ್ನೊಂದಕ್ಕೆ ಸೋರುತ್ತದೆ. ಆಗ ರೈಲು ಇಲ್ಲದಿದ್ದರೂ ದೀಪ ಕೆಂಪಾಗುತ್ತದೆ. ಹೀಗಾಗಿ ಈಗ ಹಲವು ಕಡೆ ಹಾದುಹೋಗುವ ಗಾಲಿಯ ಅಚ್ಚುಗಳನ್ನು ಎಣಿಸುವ ಉಪಕರಣವನ್ನು ಬಳಸುತ್ತಾರೆ.

"ಸುಮ್ಮನೆ ಕೆಂಪು ತೋರಿಸಿತಲ್ಲ, ಇದು ದೋಷವಲ್ಲವೇ?" ಎನ್ನಬಹುದು. ಯೋಚಿಸಿ. ಕಂಬಿ ಮುರಿದರೂ, ವೈರು ಕಿತ್ತರೂ, ವಿದ್ಯುತ್ ಹೋದರೂ ತೋಳು ತನ್ನ ಭಾರದಿಂದಲೇ ಬಿದ್ದು ಕೆಂಪು ದೀಪ ಬರುವಂತೆ ಇದನ್ನು ರಚಿಸಿದ್ದಾರೆ. ಸುಳ್ಳು ಕೆಂಪಿನಿಂದ ಮನೆ ಸೇರುವುದು ತಡವಾಗುತ್ತದೆ, ಅಷ್ಟೆ. ಸುಳ್ಳು ಹಸಿರು ತೋರಿಸಿದರೆ ಪ್ರಾಣವೇ ಹೋದೀತು. ಯಂತ್ರ ಕೆಟ್ಟರೂ ಸುರಕ್ಷಿತವಾದ ಕಡೆಗೇ ಕೆಡಬೇಕು. ಆ ಹುಡುಗಿಯ ಪ್ರಶ್ನೆಗೆ ನಾನು ಕೊಟ್ಟ ಉತ್ತರವೂ ಇದೇ.

ಯೋಚಿಸಿ, ಬರೆಯಿರಿ: ಮನೆಯ ಫ್ಯೂಸ್ ಮತ್ತು ಕುಕ್ಕರಿನ ಸುರಕ್ಷಾ ಕವಾಟ ಹೇಗೆ ಕೆಲಸ ಮಾಡುತ್ತವೆ? ಹೀಗೆ ನಮ್ಮನ್ನು ಕಾಯುವ ಇನ್ನೊಂದು ಸಾಧನವನ್ನು ನಿಮ್ಮ ಊರಿನಲ್ಲಿ ಹುಡುಕಿ.