ನಿಮ್ಮ ಮನೆಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ?

ಕೆಲವು ವರ್ಷಗಳ ಹಿಂದಿನ ಮಾತು. ಒಂದೇ ವಾರದಲ್ಲಿ ನನ್ನ ಕ್ಲಿನಿಕ್ಕಿಗೆ ಕಾಮಾಲೆಯಾದ ನಾಲ್ವರು ಬಂದರು. ಮೊದಲನೆಯವನು ಕಾಲೇಜು ಹುಡುಗ. ಸಂಜೆಯಾದರೆ ಪಾನಿಪುರಿ ಗಾಡಿಯ ಮುಂದೆ ನಿಲ್ಲುವ ಅಭ್ಯಾಸ ಅವನಿಗಿತ್ತು. ಕಾಯಿಲೆಗೆ ಅದೇ ಕಾರಣವೆಂದು ನಾನೂ ಅವನ ತಾಯಿಯೂ ತೀರ್ಮಾನಿಸಿ ಅವನಿಗೆ ಚೆನ್ನಾಗಿ ಬೈದೆವು. ಎರಡನೆಯವರು ಅರವತ್ತು ದಾಟಿದ ಗೃಹಿಣಿ. ಹೊರಗಡೆ ಕಾಫಿಯನ್ನೂ ಮುಟ್ಟದ ಮಡಿಯವರು. ಆಮೇಲೆ ಬಂದವರು ಶಾಲೆಗೆ ಹೋಗುವ ಅಕ್ಕ ತಮ್ಮ. ನಾಲ್ವರ ಚೀಟಿಯ ಮೇಲೂ ಜೆ.ಪಿ. ನಗರದ ಒಂದೇ ಅಡ್ಡರಸ್ತೆಯ ವಿಳಾಸವಿದ್ದುದು ನನ್ನ ಕಣ್ಣಿಗೆ ಬಿದ್ದದ್ದು ಮಕ್ಕಳ ತಂದೆ ಹಣ ಕೊಟ್ಟು ಹೊರಟ ಮೇಲೆ.

ಅಂದು ರಾತ್ರಿ ಆ ರಸ್ತೆಗೆ ಹೋಗಿ ನೋಡಿದೆ. ಅದು ನೀರಿನ ಕೊಳವೆಯ ಕಟ್ಟಕಡೆಯ ರಸ್ತೆ. ಎರಡು ದಿನಕ್ಕೊಮ್ಮೆ, ಅದೂ ಮೂರು ಗಂಟೆ ಕಾಲ ನೀರು. ಮುಖ್ಯ ಕೊಳವೆಯಿಂದ ಮನೆಗಳಿಗೆ ಹೋಗುವ ಕಬ್ಬಿಣದ ಕೊಳವೆಗಳು ಮೋರಿಯೊಳಗೇ ಹಾದುಹೋಗಿದ್ದವು. ಅಲ್ಲಲ್ಲಿ ತುಕ್ಕು ಹಿಡಿದು ಹಪ್ಪಳೆ ಎದ್ದಿದ್ದವು. ಎಲ್ಲಕ್ಕಿಂತ ಮಿಗಿಲಾಗಿ, ಪ್ರತಿ ಮನೆಯಲ್ಲೂ ಕೊಳವೆಗೇ ನೇರವಾಗಿ ಮೋಟಾರು ಜೋಡಿಸಿಕೊಂಡಿದ್ದರು.

"ಇದು ತಪ್ಪಲ್ವೇನಮ್ಮಾ?" ಎಂದು ಆ ಮಡಿಯವರನ್ನೇ ಕೇಳಿದೆ.

"ತಪ್ಪು ಅಂತ ಗೊತ್ತು ಡಾಕ್ಟ್ರೇ. ಎಲ್ಲರೂ ಹಾಕ್ಕೊಂಡು ಎಳೀತಾರೆ. ನಾವು ಹಾಕ್ಕೊಳ್ಳದಿದ್ರೆ ಒಂದು ಬಿಂದಿಗೆ ನೀರೂ ಸಿಗಲ್ಲ."

ಕೊಳವೆಯಲ್ಲಿ ನೀರು ಒತ್ತಡದಿಂದ ಹರಿಯುತ್ತಿರುವಾಗ ಅದರಲ್ಲಿ ತೂತಿದ್ದರೂ ಒಳಗಿನ ನೀರು ಹೊರಕ್ಕೆ ಚಿಮ್ಮುತ್ತದೆ. ಹೊರಗಿನ ಕೊಳಕು ಒಳಕ್ಕೆ ಬರಲಾರದು. ವಾಲ್ವ್ ಮುಚ್ಚಿದ ಮೇಲೆ ಕಥೆ ತಿರುವುಮುರುವಾಗುತ್ತದೆ. ತಗ್ಗಿನ ಮನೆಗಳು ಉಳಿದ ನೀರನ್ನು ಎಳೆದುಕೊಂಡು ಕೊಳವೆ ಬರಿದಾಗುತ್ತದೆ. ಬರಿದಾದ ಕೊಳವೆ ತನ್ನ ಸುತ್ತಲಿನದನ್ನು ಹೀರಿಕೊಳ್ಳುತ್ತದೆ. ಸುತ್ತ ಮೋರಿಯಿದ್ದರೆ ಮೋರಿಯ ನೀರು, ಒಳಚರಂಡಿ ಸೋರುತ್ತಿದ್ದರೆ ಅದು. ಮೋಟಾರು ಹಾಕಿ ಎಳೆದರಂತೂ ಇಂಜೆಕ್ಷನ್ ಸಿರಿಂಜಿನ ದಂಡವನ್ನು ಹಿಂದಕ್ಕೆಳೆದ ಹಾಗೆ. ಮುಂದಿನ ಸರದಿಯಲ್ಲಿ ಮೊದಲು ಬರುವ ಆ ಕೆಂಪು, ವಾಸನೆಯ ನೀರಿನಲ್ಲಿ ಏನೇನಿದೆ ಎಂಬುದನ್ನು ನಿಮ್ಮ ಮೂಗು ಸರಿಯಾಗಿಯೇ ಹೇಳುತ್ತದೆ. ಟೈಫಾಯ್ಡ್, ಕಾಮಾಲೆ, ಆಮಶಂಕೆ, ಕಾಲರಾ ಎಲ್ಲವೂ ಒಬ್ಬರ ಮಲದಿಂದ ಇನ್ನೊಬ್ಬರ ಬಾಯಿಗೆ ಸೇರುವ ರೋಗಗಳು. ಹೇಳಲು ಅಸಹ್ಯ. ಆದರೆ ಸತ್ಯ.

ಇದರಲ್ಲಿ ಇನ್ನೊಂದು ತೊಡಕಿದೆ. ಕಾಮಾಲೆಯ 'ಎ' ವೈರಾಣು ದೇಹವನ್ನು ಹೊಕ್ಕ ಮೇಲೆ ಕಣ್ಣು ಹಳದಿಯಾಗಲು ಎರಡರಿಂದ ಏಳು ವಾರ, ಸಾಧಾರಣವಾಗಿ ಒಂದು ತಿಂಗಳು ಬೇಕು. ರೋಗಿ ನಮ್ಮಲ್ಲಿಗೆ ಬರುವ ಹೊತ್ತಿಗೆ ತಿಂಗಳ ಹಿಂದಿನ ಆ ಕೆಟ್ಟ ನೀರು ಎಂದೋ ಹರಿದುಹೋಗಿರುತ್ತದೆ. ಈಗ ಬಾಟಲಿಯಲ್ಲಿ ಹಿಡಿದು ಪರೀಕ್ಷೆಗೆ ಕಳಿಸಿದರೆ ನೀರು ಶುದ್ಧವಾಗಿದೆ ಎಂಬ ವರದಿ ಬರಬಹುದು. ಪಾನಿಪುರಿಯವನು ಬೈಗುಳ ತಿನ್ನುವುದು ಹೀಗೆ.

ನೀರಾವರಿ, ನದಿ, ಅಣೆಕಟ್ಟು ಇವೆಲ್ಲ ಇಂಜಿನಿಯರುಗಳ ವಿಷಯ, ಆರೋಗ್ಯದ ಅಂಕಣದಲ್ಲಿ ಇದೇಕೆ ಎಂದು ಓದುಗರು ಕೇಳಬಹುದು. ಒಂದು ಊರಿಗೆ ಯಾವ ರೋಗ ಬರಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವವರು ನಮಗಿಂತ ಮೊದಲು ಅವರೇ.

ಬೆಂಗಳೂರು ನದಿಯ ದಂಡೆಯ ಮೇಲಿಲ್ಲ, ದಿಣ್ಣೆಯ ಮೇಲಿದೆ. ಬನಶಂಕರಿಯ ಪಶ್ಚಿಮದ ಮಳೆ ವೃಷಭಾವತಿಗೆ ಇಳಿದು ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರಿದರೆ, ಬಿ.ಟಿ.ಎಂ. ಬಡಾವಣೆಯ ಮಳೆ ಮಡಿವಾಳ, ಬೆಳ್ಳಂದೂರುಗಳ ಕಡೆಯಿಂದ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರವೇ ಬಿ.ಟಿ.ಎಂ. ಅದರಲ್ಲಿ ಒಂದರ ಹೆಸರಿನಲ್ಲೇ ಕೆರೆಯಿದೆ. ಕೆರೆ ಬಾವಿಗಳು ಸಾಲದಾದಾಗ 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ನೀರು ತಂದರು. ಅದೂ ಸಾಲದೆ 1974ರಲ್ಲಿ ಕಾವೇರಿಗೆ ಕೈಚಾಚಿದರು. ಆಮೇಲೆ 1982, 1993, 2002, 2012 ಹೀಗೆ ಹಂತದ ಮೇಲೆ ಹಂತ. ಐದನೆಯ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಗಿ, ದಿನಕ್ಕೆ ಸುಮಾರು 145 ಕೋಟಿ ಲೀಟರ್ ಇದ್ದ ಪೂರೈಕೆಗೆ ಇನ್ನೂ 77.5 ಕೋಟಿ ಲೀಟರಿನ ಸಾಮರ್ಥ್ಯ ಸೇರಿತು. ತೊರೆಕಾಡನಹಳ್ಳಿಯಲ್ಲಿ ಶುದ್ಧವಾದ ನೀರು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪಾಗಿ, ಸುಮಾರು 100 ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರ ಏರಿ ಕನಕಪುರ ರಸ್ತೆಯ ದಿಕ್ಕಿನಿಂದ ನಮ್ಮ ಬಡಾವಣೆಗಳಿಗೆ ಬರುತ್ತದೆ. ಇದು ಸಾಮಾನ್ಯ ಸಾಹಸವಲ್ಲ. ಈ ಕೆಲಸ ಮಾಡಿದವರಿಗೆ ನಾನು ಕೈಮುಗಿಯುತ್ತೇನೆ.

ನನ್ನ ತಕರಾರು ಬೇರೆ. ಈ ಯೋಜನೆಗಳ ಲೆಕ್ಕವೆಲ್ಲ ಲೀಟರಿನಲ್ಲಿ. ತಲೆಗೆ ದಿನಕ್ಕೆ 135 ಲೀಟರ್ ಎಂಬುದು ನಗರಗಳಿಗೆ ಇಟ್ಟುಕೊಂಡ ಅಳತೆ. ಅಷ್ಟು ಬಂತೇ, ಇಲ್ಲವೇ? ಆ ನೀರು ದಿನದ ಎಷ್ಟು ಗಂಟೆ ಕೊಳವೆಯಲ್ಲಿ ಒತ್ತಡದಿಂದ ನಿಂತಿತ್ತು ಎಂದು ಕೇಳುವವರು ಕಡಿಮೆ. ರೋಗಾಣುವಿಗೆ ಬೇಕಾದದ್ದು ಆ ಗಂಟೆಯ ಲೆಕ್ಕ. ನಗರದ ನೀರಿನಲ್ಲಿ ಕಾಲು ಭಾಗಕ್ಕೂ ಹೆಚ್ಚು 'ಲೆಕ್ಕಕ್ಕೆ ಸಿಗದ ನೀರು' ಎಂದು ಜಲಮಂಡಳಿಯೇ ಹೇಳುತ್ತ ಬಂದಿದೆ. ಅದರಲ್ಲಿ ಕದ್ದದ್ದು, ಮೀಟರು ತಪ್ಪಿದ್ದು ಬಿಟ್ಟರೆ ಉಳಿದದ್ದು ಸೋರಿಕೆ. ಇಂಜಿನಿಯರು ಅದನ್ನು ನಷ್ಟದ ಕಲಮಿನಲ್ಲಿ ಬರೆಯುತ್ತಾರೆ. ನನಗೆ ಅದು ಬೇರೆಯಾಗಿ ಕಾಣುತ್ತದೆ. ನೀರು ಹೊರಗೆ ಸೋರುವ ತೂತೇ ಕೊಳಕು ಒಳಗೆ ಬರುವ ಬಾಗಿಲು.

ಇದು ಬರೀ ಊಹೆಯಲ್ಲ. ನಮ್ಮದೇ ರಾಜ್ಯದಲ್ಲಿ ಇದರ ಪರೀಕ್ಷೆ ನಡೆದಿದೆ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ ದಿನವಿಡೀ ನೀರು ಬರುವಂತಾಯಿತು. ಉಳಿದ ವಾರ್ಡುಗಳಲ್ಲಿ ಹಳೆಯಂತೆ ಕೆಲವು ದಿನಕ್ಕೊಮ್ಮೆ. ಎರಡೂ ಕಡೆಯ ಸಾವಿರಾರು ಮನೆಗಳನ್ನು ಸಂಶೋಧಕರು ಹೋಲಿಸಿ ನೋಡಿದರು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ದಿನವಿಡೀ ನೀರಿದ್ದ ಮನೆಗಳಲ್ಲಿ ಟೈಫಾಯ್ಡ್ ನೂರಕ್ಕೆ ನಲವತ್ತರಷ್ಟು ಕಡಿಮೆ. ಬಡವರ ಮನೆಯ ಚಿಕ್ಕ ಮಕ್ಕಳಲ್ಲಿ ರಕ್ತಭೇದಿಯೂ ಕಡಿಮೆ. ಮಕ್ಕಳ ಸಾಮಾನ್ಯ ಭೇದಿಯಲ್ಲಿ ಮಾತ್ರ ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಕೈತೊಳೆಯದ ರೂಢಿಯನ್ನು ಕೊಳವೆ ತಿದ್ದಲಾರದು. ಆದರೆ ಬಡವರ ಮನೆಗಳಲ್ಲಿ ಲಾಭ ಎದ್ದು ಕಂಡಿತು. ಫಿಲ್ಟರು ಕೊಳ್ಳಲಾರದವರಿಗೆ ಕೊಳವೆಯೇ ಫಿಲ್ಟರು.

ನೀರು ಕಡಿಮೆಯಿರುವುದೇ ರೋಗಕ್ಕೆ ಕಾರಣ ಎನ್ನುವುದೂ ಪೂರ್ತಿ ನಿಜವಲ್ಲ. ರಾಯಚೂರು ಕೃಷ್ಣಾ ತುಂಗಭದ್ರೆಗಳ ನಡುವಿನ ಜಿಲ್ಲೆ. 2022ರಲ್ಲಿ ಆ ನಗರದಲ್ಲಿ ಕಲುಷಿತ ನಲ್ಲಿ ನೀರು ಕುಡಿದು ಹಲವರು ಸತ್ತರು. ಮರುವರ್ಷ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲೂ ಅದೇ ಆಯಿತು.

ಇನ್ನು ಕೊಳವೆಬಾವಿಯ ಮಾತು. ಕಾವೇರಿ ನ್ಯಾಯಮಂಡಳಿ 2007ರ ತೀರ್ಪಿನಲ್ಲಿ ಬೆಂಗಳೂರಿಗೆ ನೀರು ಲೆಕ್ಕ ಹಾಕುವಾಗ ನಗರದ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ, ಕುಡಿಯುವ ನೀರಿನ ಅರ್ಧ ಭಾಗ ಅಂತರ್ಜಲದಿಂದ ಸಿಗುತ್ತದೆ ಎಂದು ಹಿಡಿದಿತ್ತು. ಸುಪ್ರೀಂ ಕೋರ್ಟು 2018ರ ಫೆಬ್ರವರಿ 16ರಂದು ಈ ಲೆಕ್ಕವನ್ನು ಒಪ್ಪದೆ ಕರ್ನಾಟಕಕ್ಕೆ 14.75 ಟಿ.ಎಂ.ಸಿ. ಹೆಚ್ಚು ಕೊಟ್ಟಿತು. ಅದರಲ್ಲಿ 4.75 ಟಿ.ಎಂ.ಸಿ. ಬೆಂಗಳೂರಿಗಾಗಿ. ಆ 'ಅರ್ಧ' ಎಷ್ಟು ಟೊಳ್ಳೆಂಬುದು 2024ರ ಮಾರ್ಚಿನಲ್ಲಿ ಎಲ್ಲರಿಗೂ ತಿಳಿಯಿತು. ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಉಪಮುಖ್ಯಮಂತ್ರಿಗಳೇ ಹೇಳಿದರು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂಬ ಆದೇಶವೂ ಬಂತು. ಆ ಬೇಸಿಗೆಯಲ್ಲಿ ನಗರದಲ್ಲಿ ಕಾಲರಾ ಪ್ರಕರಣಗಳು ವರದಿಯಾದುದು ನನಗೇನೂ ಆಶ್ಚರ್ಯ ತರಲಿಲ್ಲ. ಎಲ್ಲಿಂದ ತುಂಬಿದ್ದೆಂದು ಗೊತ್ತಿಲ್ಲದ ಟ್ಯಾಂಕರ್ ನೀರು ಮನೆ ಮನೆಯ ಸಂಪಿಗೆ ಇಳಿಯುತ್ತಿದ್ದ ಕಾಲ ಅದು.

ಕೊಳವೆಬಾವಿಯ ನೀರು ತಿಳಿಯಾಗಿರುತ್ತದೆ, ಆದ್ದರಿಂದ ಶುದ್ಧ ಎಂಬ ನಂಬಿಕೆ ಬಲವಾಗಿದೆ. ನಮ್ಮ ನಗರದ ಅಂತರ್ಜಲದಲ್ಲಿ ಪದೇ ಪದೇ ಕಂಡುಬರುವ ದೋಷ ನೈಟ್ರೇಟ್. ಭೂಮಿಗೆ ಇಂಗಿದ ಚರಂಡಿಯ ಗುರುತು ಅದು. ಲೀಟರಿಗೆ 45 ಮಿಲಿಗ್ರಾಂ ಅದರ ಮಿತಿ. ಅದಕ್ಕಿಂತ ಹೆಚ್ಚಿದ್ದ ನೀರಿನಲ್ಲಿ ಹಾಲಿನ ಪುಡಿ ಕಲೆಸಿ ಕೊಟ್ಟರೆ ಆರು ತಿಂಗಳೊಳಗಿನ ಕೂಸಿನ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟಬಹುದು. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತದೆ. ತಾಯಿಯ ಹಾಲು ಕುಡಿಯುವ ಮಗುವಿಗೆ ಈ ಭಯವಿಲ್ಲ.

ನೀರು ಸರದಿಯ ಮೇಲೆ ಬರುವುದರ ಇನ್ನೊಂದು ಫಲ ಡ್ರಮ್ಮುಗಳು. ಡೆಂಗೆ ಹರಡುವ ಸೊಳ್ಳೆ ಮೋರಿಯಲ್ಲಿ ಹುಟ್ಟುವುದಲ್ಲ, ನಾವು ಜೋಪಾನವಾಗಿ ಹಿಡಿದಿಟ್ಟ ತಿಳಿನೀರಿನಲ್ಲಿ ಹುಟ್ಟುತ್ತದೆ. 2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗೆಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಮರಿ ಸಿಕ್ಕ ಮನೆಯವರಿಗೆ ದಂಡದ ನಿಯಮ ತಂದಿತು. ದಂಡ ತಪ್ಪೆನ್ನಲಾರೆ. ಆದರೆ ಎರಡು ದಿನಕ್ಕೊಮ್ಮೆ ನೀರು ಬಿಟ್ಟು, ಹಿಡಿದಿಟ್ಟವರಿಗೆ ದಂಡ ಹಾಕುವುದರಲ್ಲಿ ಏನೋ ಒಂದು ತಮಾಷೆಯಿದೆ.

ಯೋಜನೆ ಸರಿಯಾಗುವ ತನಕ ನಾವೇನು ಮಾಡಬೇಕು? ಕೊಳವೆಗೆ ಹಾಕಿದ ಮೋಟಾರು ಮೊದಲು ತೆಗೆಯಿರಿ. ನೀರು ಮೊದಲು ಸಂಪಿಗೆ ಬೀಳಲಿ, ಮೋಟಾರು ಸಂಪಿನಿಂದ ಎಳೆಯಲಿ. ಇಡೀ ರಸ್ತೆಯವರು ಸೇರಿ ಮಾಡಿದರೆ ಮಾತ್ರ ಇದು ಸಾಧ್ಯ. ಮನೆಯ ಕೊಳವೆ ಮೋರಿಯಲ್ಲಿ ಹಾದಿದ್ದರೆ ಖರ್ಚಾದರೂ ಬದಲಿಸಿ. ಮೊದಲ ಹತ್ತು ನಿಮಿಷದ ನೀರನ್ನು ಸಂಪಿಗೆ ಬಿಡಬೇಡಿ, ಗಿಡಕ್ಕೆ ಹಾಕಿ. ಟ್ಯಾಂಕರ್ ನೀರು ತುಂಬಿಸಿದರೆ 1,000 ಲೀಟರಿಗೆ 2.5 ಗ್ರಾಂನಂತೆ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಸಂಪಿಗೆ ಸುರಿದು, ಅರ್ಧ ಗಂಟೆ ಬಿಡಿ. ಸ್ವಲ್ಪ ಕ್ಲೋರಿನ್ ವಾಸನೆ ಬಂದರೆ ಮೂಗು ಮುರಿಯಬೇಡಿ. ನಲ್ಲಿಯ ತುದಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ನಿಯಮ. ಕುಡಿಯುವ ನೀರು ಕೊತಕೊತ ಕುದಿಯತೊಡಗಿದ ಮೇಲೆ ಒಂದು ನಿಮಿಷ ಬಿಟ್ಟರೆ ರೋಗಾಣುಗಳಿಗೆ ಸಾಕು, ಇಪ್ಪತ್ತು ನಿಮಿಷ ಗ್ಯಾಸು ಸುಡಬೇಕಿಲ್ಲ. ಡ್ರಮ್ಮುಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ, ಒಳಬದಿ ಉಜ್ಜಿ, ಒಣಗಿಸಿ. ಗರ್ಭಿಣಿಗೆ ಕಾಮಾಲೆಯಾದರೆ ನಾಟಿ ಔಷಧಿ ಎಂದು ಅಲೆಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ನೀರಿನಿಂದ ಬರುವ 'ಇ' ವೈರಾಣುವಿನ ಕಾಮಾಲೆ ಕೊನೆಯ ತಿಂಗಳುಗಳಲ್ಲಿ ಪ್ರಾಣಕ್ಕೇ ಎರವಾಗಬಲ್ಲುದು.

ಮಳೆಯನ್ನೂ ಮರೆಯಬಾರದು. 30x40 ಅಡಿಯ ನಿವೇಶನದ ಮೇಲೆ ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ಲೀಟರ್ ಮಳೆ ಸುರಿಯುತ್ತದೆ. ಮಳೆನೀರು ಕೊಯ್ಲನ್ನು ಕಡ್ಡಾಯಗೊಳಿಸುವ ಕಾನೂನು 2009ರಲ್ಲೇ ಬಂದಿದೆ. ಹೇಗೆ ಮಾಡುವುದೆಂದು ತೋರಿಸಲು ಜಯನಗರದ 5ನೆಯ ಬ್ಲಾಕಿನಲ್ಲಿ ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ಜಲಮಂಡಳಿ ಒಂದು ಉದ್ಯಾನವನ್ನೇ ಮಾಡಿದೆ. ವಾಕಿಂಗ್ ಹೋಗುವವರು ಒಂದು ದಿನ ಆ ಕಡೆ ತಿರುಗಬಹುದು.

ಆ ಅಡ್ಡರಸ್ತೆಯವರು ಆರು ತಿಂಗಳು ಜಗಳವಾಡಿ, ಕೊನೆಗೆ ಮೋಟಾರು ತೆಗೆದು ಕೊಳವೆ ಬದಲಿಸಿದರು. ಆಗ ನಾನು ಒಂದು ಕೆಲಸ ಹೇಳಿದ್ದೆ. ನೀರು ಬಂದ ದಿನ, ಎಷ್ಟು ಗಂಟೆ ಬಂತು, ಬಣ್ಣ ಹೇಗಿತ್ತು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮೂರು ಸಲ ಕೆಂಪು ಬಂದರೆ 1916ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆಯನ್ನೂ ಅಲ್ಲೇ ಬರೆಯಿರಿ ಎಂದು. ಹೋದ ತಿಂಗಳು ರಕ್ತದೊತ್ತಡ ತೋರಿಸಲು ಬಂದ ಆ ಮಡಿಯವರು ಚೀಲದಿಂದ ಕ್ಯಾಲೆಂಡರಿನ ಹಾಳೆಗಳನ್ನೇ ತೆಗೆದು ಮೇಜಿನ ಮೇಲೆ ಹರಡಿದರು. ಏಕಾದಶಿ, ಸಂಕಷ್ಟಿಗಳ ನಡುವೆ ಪೆನ್ಸಿಲಿನಲ್ಲಿ ಬರೆದಿತ್ತು: ಮಂಗಳವಾರ ಇಲ್ಲ. ಬುಧವಾರ ಎರಡು ಗಂಟೆ, ತಿಳಿ. ಶುಕ್ರವಾರ ಕೆಂಪು, ಫೋನ್ ಮಾಡಿದೆ. ಶನಿವಾರ ಬಂದು ನೋಡಿದರು. ಸೋಮವಾರ ನಾಲ್ಕು ಗಂಟೆ, ತಿಳಿ.