ಪುಟ್ಟ ವಿಮಾನ, ದೊಡ್ಡ ಬೆಲೆ

ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡು ವಿಮಾನಗಳು ಬಂದಿಳಿಯುವ ಊರಲ್ಲ. ಸುತ್ತಲೂ ಹೊಲಗಳು; ಮಳೆ ಸಕಾಲಕ್ಕೆ ಬಿದ್ದ ವರ್ಷ ಆ ಸೀಮೆಯಲ್ಲಿ ಸೂರ್ಯಕಾಂತಿ, ಚೆಂಡುಹೂಗಳ ಹಳದಿ ಕಣ್ಣು ಕೋರೈಸುತ್ತದೆ. ಆದರೂ ಮೋಡದ ಮರೆಯಿಂದ ಗುಂಯ್ಯೆಂಬ ಸದ್ದು ಕೇಳಿದೊಡನೆ ಆಟ ನಿಲ್ಲಿಸಿ ತಲೆಯೆತ್ತದ ಹುಡುಗ ಆ ಊರಿನಲ್ಲಿಯೂ ಇರಲಾರ. ಕಂಡದ್ದನ್ನು ಕೈಗೆತ್ತಿಕೊಳ್ಳಬೇಕೆಂಬುದು ಮಕ್ಕಳ ಹುಟ್ಟುಗುಣ. ಜೋಳದ ದಂಟಿನ ಸಿಪ್ಪೆ ಸುಲಿದು, ಒಳಗಿನ ಬೆಂಡಿನಿಂದ ಗಾಡಿ ಕಟ್ಟುತ್ತಿದ್ದ ಹಳ್ಳಿಯ ಮಕ್ಕಳು ಅದೇ ಬೆಂಡಿಗೆ ಎರಡು ರೆಕ್ಕೆ ಸಿಕ್ಕಿಸಿ ವಿಮಾನವನ್ನೂ ಮಾಡಿದ್ದುಂಟು.

ಇಂದಿನ ಹುಡುಗನಿಗೆ ಅಷ್ಟರಿಂದ ತೃಪ್ತಿಯಿಲ್ಲ. ನಿಜವಾದ ವಿಮಾನದ ಅಳತೆಗಳನ್ನೇ ಕುಗ್ಗಿಸಿ, ರೆಕ್ಕೆಯ ಮೇಲಿನ ಮೊಳೆಸಾಲನ್ನೂ ಬಿಡದೆ ಅಚ್ಚಿಗಿಳಿಸಿದ ಮಾದರಿಗಳ ಚಿತ್ರವನ್ನು ಅವನು ದೂರವಾಣಿಯ ತೆರೆಯ ಮೇಲೆ ಕಂಡಿದ್ದಾನೆ. ಪೆಟ್ಟಿಗೆಯೊಳಗೆ ಬಿಡಿಭಾಗಗಳು, ಜೋಡಿಸುವ ಕ್ರಮದ ಚಿತ್ರಪಟ, ನೀರಿನಲ್ಲಿ ನೆನೆಸಿ ಅಂಟಿಸುವ ಲಾಂಛನಗಳು. ಬೆಲೆ ನೋಡಿದ ತಂದೆ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡುತ್ತಾನೆ. ದ್ರೌಪದಿಯ ಒಂದು ಮಾತಿಗೆ ಸೌಗಂಧಿಕಾ ಪುಷ್ಪವನ್ನರಸಿ ಹೊರಟ ಭೀಮನ ಹೆಸರು ಹೊತ್ತ ಊರಿನಲ್ಲಿ, ಮಗನ ಒಂದು ಮಾತಿಗೆ ಅಂಗೈಯಗಲದ ವಿಮಾನ ತರುವುದು ತಂದೆಗೆ ಅಷ್ಟೇ ದುಸ್ಸಾಧ್ಯವಾಗಿದೆ.

ಎರಡು ಷಿಲಿಂಗಿನ ಸ್ಪಿಟ್‌ಫೈರ್

ಈ ಹವ್ಯಾಸ ಮೊದಲಿನಿಂದ ಸಿರಿವಂತರ ಸೊತ್ತಾಗಿರಲಿಲ್ಲ. ಹಂಗೆರಿಯಲ್ಲಿ ಹುಟ್ಟಿದ ನಿಕೊಲಸ್ ಕೋವ್ ಎಂಬಾತ 1939ರಲ್ಲಿ ಇಂಗ್ಲೆಂಡಿನಲ್ಲಿ ಏರ್‌ಫಿಕ್ಸ್ ಸಂಸ್ಥೆಯನ್ನು ಆರಂಭಿಸಿದಾಗ ಅದು ತಯಾರಿಸುತ್ತಿದ್ದುದು ಗಾಳಿ ತುಂಬುವ ರಬ್ಬರಿನ ಆಟಿಕೆಗಳನ್ನು. ಆಮೇಲೆ ಬಾಚಣಿಗೆಗಳ ಸರದಿ. 1950ರ ದಶಕದಲ್ಲಿ ಮೊದಲು ಒಂದು ಹಡಗಿನ ಮಾದರಿ, ಬಳಿಕ ಸ್ಪಿಟ್‌ಫೈರ್ ಯುದ್ಧವಿಮಾನದ ಮಾದರಿ ಹೊರಬಂದವು. ವೂಲ್‌ವರ್ತ್ ಅಂಗಡಿಗಳಲ್ಲಿ ಸ್ಪಿಟ್‌ಫೈರಿನ ಬೆಲೆ ಎರಡು ಷಿಲಿಂಗ್. ಅಂದು ನಮ್ಮ ರೂಪಾಯಿಗೆ ಒಂದು ಷಿಲಿಂಗ್ ಆರು ಪೆನ್ಸ್ ವಿನಿಮಯ ದರವಿದ್ದುದರಿಂದ, ಲೆಕ್ಕ ಹಾಕಿದರೆ ಒಂದು ರೂಪಾಯಿ ಐದಾಣೆ ನಾಲ್ಕು ಕಾಸು. ಶಾಲೆಯ ಹುಡುಗ ತನ್ನ ಕೈಖರ್ಚಿನ ಹಣವನ್ನು ಕೆಲವು ವಾರ ಕೂಡಿಟ್ಟು ಕೊಳ್ಳಬಹುದಾದ ವಸ್ತು ಅದು.

ಅದಕ್ಕೂ ಹಿಂದೆ ಇಂಥ ಮಾದರಿಗಳು ಆಟಿಕೆಗಳಾಗಿರದೆ ಅಗತ್ಯದ ವಸ್ತುಗಳೇ ಆಗಿದ್ದವು. ಎರಡನೆಯ ಮಹಾಯುದ್ಧದಲ್ಲಿ ಶತ್ರುವಿನ ವಿಮಾನ ಯಾವುದು, ಮಿತ್ರನದು ಯಾವುದು ಎಂದು ನೋಡಿದೊಡನೆ ಗುರುತಿಸುವುದು ಪ್ರಾಣದ ಪ್ರಶ್ನೆಯಾಗಿತ್ತು. 1942ರಲ್ಲಿ ಅಮೆರಿಕದ ನೌಕಾಪಡೆ ಅಲ್ಲಿನ ಶಾಲೆಗಳ ಮಕ್ಕಳಿಂದ ಐದು ಲಕ್ಷ ಮರದ ಮಾದರಿಗಳನ್ನು ಬೇಡಿತು. ಎಲ್ಲಕ್ಕೂ ಕಪ್ಪು ಬಣ್ಣ. ಎಲ್ಲವೂ ನಿಜವಾದ ವಿಮಾನದ 72ನೆಯ ಒಂದು ಪಾಲು. ಮಕ್ಕಳು ಉಜ್ಜಿ ನಯಗೊಳಿಸಿದ ಆ ತುಂಡುಗಳನ್ನು ನೋಡಿ ಸೈನಿಕರು ವಿಮಾನಗಳ ಗುರುತು ಕಲಿತರು.

ಆರಡಿಯ ಆಳು, ಒಂದಂಗುಲ

72ರ ಅಳತೆ ಈ ಹವ್ಯಾಸದಲ್ಲಿ ಇಂದಿಗೂ ಮನೆಮಾತು. ಇದರ ಗುಟ್ಟು ಸರಳ. ಆರಡಿಗೆ 72 ಅಂಗುಲ. ಆದುದರಿಂದ ಆರಡಿ ಎತ್ತರದ ಚಾಲಕ ಮಾದರಿಯಲ್ಲಿ ಸರಿಯಾಗಿ ಒಂದಂಗುಲದ ಬೊಂಬೆ. ಇನ್ನೊಂದು ಜನಪ್ರಿಯ ಅಳತೆ 48ರದು. ಅಲ್ಲಿ ಒಂದಡಿಗೆ ಕಾಲಂಗುಲ.

ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ರೂಪುಗೊಂಡ ಮಾರುತ ಯುದ್ಧವಿಮಾನದ ರೆಕ್ಕೆಗಳು ತುದಿಯಿಂದ ತುದಿಗೆ 9 ಮೀಟರ್. ಅದನ್ನು 72ರಿಂದ ಭಾಗಿಸಿದರೆ ಹನ್ನೆರಡೂವರೆ ಸೆಂಟಿಮೀಟರ್. ಅದೇ ಕಾರ್ಖಾನೆಯಲ್ಲಿ ಪರವಾನಗಿಯ ಮೇರೆಗೆ ತಯಾರಾದ, 1965ರ ಯುದ್ಧದಲ್ಲಿ ಹೆಸರು ಗಳಿಸಿದ ನ್ಯಾಟ್ ವಿಮಾನ ಇನ್ನೂ ಚಿಕ್ಕದು. ಮಾದರಿಯ ರೆಕ್ಕೆ ಒಂಬತ್ತೂವರೆ ಸೆಂಟಿಮೀಟರನ್ನೂ ಮುಟ್ಟದು. ತೇಜಸ್ ಹನ್ನೊಂದೂವರೆ ಸೆಂಟಿಮೀಟರಿನಷ್ಟು. ಗಣಿತದ ಪುಸ್ತಕದಲ್ಲಿ ಅನುಪಾತವೆಂದೊಡನೆ ಆಕಳಿಸುವ ಹುಡುಗ ಇಲ್ಲಿ ಮಾತ್ರ ಪೆನ್ಸಿಲ್ ಹಿಡಿದು ತಾನಾಗಿಯೇ ಕೂರುತ್ತಾನೆ.

ಕಾಯುವ ಸುಖ, ಕಾಯುವ ಕಷ್ಟ

ಈ ಹವ್ಯಾಸಿಗಳಿಗೆ ವರ್ಷದ ಪಂಚಾಂಗವೊಂದಿದೆ. ಹೊಸ ವರ್ಷ ಬರುತ್ತಿದ್ದಂತೆ ತಯಾರಕರು ಆ ಸಾಲಿನ ಹೊಸ ಮಾದರಿಗಳನ್ನು ಸಾರುತ್ತಾರೆ. ಚಳಿಗಾಲ ಮುಗಿಯುವ ಮುನ್ನ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಆಟಿಕೆಗಳ ಮಹಾಮೇಳ. ಮೇ ತಿಂಗಳಲ್ಲಿ ಜಪಾನಿನ ಷಿಜುವೊಕದಲ್ಲಿ ಹವ್ಯಾಸಗಳ ಮೇಳ. ಷಿಜುವೊಕ ತಮಿಯಾ, ಹಸೆಗಾವಾ ಮೊದಲಾದ ಹೆಸರಾಂತ ತಯಾರಕರ ತವರು. ಮೊದಲು ರೇಖಾಚಿತ್ರ, ಬಳಿಕ ಬಣ್ಣವಿಲ್ಲದ ಮೊದಲಚ್ಚು, ಕೊನೆಗೆ ಪೆಟ್ಟಿಗೆಯ ಮೇಲಿನ ವರ್ಣಚಿತ್ರ, ಹೀಗೆ ಸುದ್ದಿ ಕಂತುಕಂತಾಗಿ ಬರುತ್ತದೆ. ವಾರಪತ್ರಿಕೆಯ ಧಾರಾವಾಹಿಯ ಮುಂದಿನ ಕಂತಿಗೆ ಕಾದಂತೆಯೇ ಹುಡುಗರೂ, ಹುಡುಗರಾಗಿಯೇ ಉಳಿದ ಹಿರಿಯರೂ ಕಾಯುತ್ತಾರೆ. ಧಾರಾವಾಹಿಗೂ ಇದಕ್ಕೂ ಒಂದೇ ವ್ಯತ್ಯಾಸ: ಕಾದಷ್ಟೂ ಇದರ ಬೆಲೆ ಮೇಲೇರುತ್ತದೆ.

ಬೆಲೆ ಏರುವುದೇಕೆ?

ಪೆಟ್ಟಿಗೆಯೊಳಗಿರುವುದು ಹಿಡಿಯಷ್ಟು ಪ್ಲಾಸ್ಟಿಕ್; ಬೆಲೆಯೆಲ್ಲ ಅದರದಲ್ಲ. ಕಾಯಿಸಿ ಕರಗಿಸಿದ ಪಾಲಿಸ್ಟೈರೀನನ್ನು ಭಾರಿ ಒತ್ತಡದಿಂದ ತುಂಬುವ ಲೋಹದ ಅಚ್ಚುಗಳಿವೆಯಲ್ಲ, ವೆಚ್ಚದ ತಾಯಿಬೇರು ಅಲ್ಲಿದೆ. ಸಂಗ್ರಹಾಲಯದಲ್ಲಿರುವ ವಿಮಾನವನ್ನು ಅಳೆದು, ಗಣಕಯಂತ್ರದಲ್ಲಿ ರೇಖಿಸಿ, ಕೂದಲೆಳೆಯಷ್ಟು ತಪ್ಪದಂತೆ ಲೋಹವನ್ನು ಕೊರೆಯಬೇಕು. ಬಕೆಟ್ಟಿನ ಅಚ್ಚಿನಿಂದ ಲಕ್ಷಗಟ್ಟಲೆ ಬಕೆಟ್ಟುಗಳು ಹೊರಬಂದು ಅಚ್ಚಿನ ವೆಚ್ಚ ಹಂಚಿಹೋಗುತ್ತದೆ. ಒಂದು ವಿರಳ ವಿಮಾನದ ಅಚ್ಚಿಗೆ ಅಷ್ಟು ಗಿರಾಕಿಗಳು ಎಲ್ಲಿಂದ ಬರಬೇಕು? ವೆಚ್ಚವೆಲ್ಲ ಇರುವ ಕೆಲವರ ತಲೆಯ ಮೇಲೆಯೇ ಬೀಳುತ್ತದೆ. ಇಷ್ಟೆಲ್ಲ ಮಾಡಿಯೂ ಈ ವ್ಯಾಪಾರದಲ್ಲಿ ನೆಮ್ಮದಿಯಿಲ್ಲ. ಏರ್‌ಫಿಕ್ಸ್ 1981ರಲ್ಲಿ ಒಮ್ಮೆ ದಿವಾಳಿಯಾಗಿ ಕೈ ಬದಲಾಯಿತು. 2006ರಲ್ಲಿ ಅದರ ಒಡೆತನದ ಸಂಸ್ಥೆ ಮತ್ತೆ ಮುಳುಗಿದಾಗ ಹಾರ್ನ್‌ಬಿ ಕಂಪನಿ ಅದನ್ನು ಕೊಂಡಿತು.

ಇನ್ನು ನಮ್ಮ ದೇಶದ ಗಡಿಯಲ್ಲಿ ಕೂಡುವ ಭಾರ. ಸುಂಕದ ಪಟ್ಟಿಯಲ್ಲಿ ಅಳತೆಯ ಮಾದರಿಗಳಿಗೆ ಬೇರೆ ಮನೆಯಿಲ್ಲ. ಗೊಂಬೆ, ತ್ರಿಚಕ್ರ ಸೈಕಲ್ಲುಗಳ ಜೊತೆಗೆ ಅವೂ 9503ನೆಯ ಶೀರ್ಷಿಕೆಯಡಿ ಬರುತ್ತವೆ. 2020ರ ಫೆಬ್ರವರಿಯ ಮುಂಗಡಪತ್ರದಲ್ಲಿ ಆಟಿಕೆಗಳ ಆಮದು ಸುಂಕವನ್ನು ಶೇಕಡ 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿಸಲಾಯಿತು. ಬಂದರಿಗೆ ಬಂದಿಳಿದ ನೂರು ರೂಪಾಯಿಯ ಸರಕು ಮೊದಲು 120 ಆಗುತ್ತಿದ್ದುದು ಆಮೇಲೆ 160, ಬಳಿಕ 170 ಆಯಿತೆಂದಾಯಿತು. ಇದರ ಮೇಲೆ ಜಿಎಸ್‌ಟಿ, ಸಾಗಣೆ, ವರ್ತಕನ ಲಾಭ. 2021ರ ಜನವರಿ 1ರಿಂದ ಆಟಿಕೆಗಳಿಗೆ ಭಾರತೀಯ ಮಾನಕದ ಗುರುತೂ ಕಡ್ಡಾಯವಾಯಿತು. ಕಳಪೆ ಪ್ಲಾಸ್ಟಿಕ್ಕಿನಿಂದ ಮಕ್ಕಳನ್ನು ಕಾಪಾಡುವುದು, ಸ್ವದೇಶಿ ಕೈಗಾರಿಕೆಯನ್ನು ಬೆಳೆಸುವುದು ಇವುಗಳ ಉದ್ದೇಶ. ಉದ್ದೇಶವನ್ನು ತಪ್ಪೆನ್ನಲಾಗದು. ಆದರೆ ಗಿಲಕಿಗೆ ದೇಶದಲ್ಲಿಯೇ ಬದಲಿ ದೊರೆಯುವಂತೆ ಯುದ್ಧವಿಮಾನದ ಮಾದರಿಗೆ ಬದಲಿ ದೊರೆಯುವುದಿಲ್ಲ. ಬಲೆ ಬೀಸಿದುದು ತಿಮಿಂಗಿಲಕ್ಕಾದರೂ ಸಿಕ್ಕಿಬಿದ್ದುದರಲ್ಲಿ ಮೀನುಮರಿಯೂ ಸೇರಿತು.

ನಮ್ಮ ಮಾರುತ ಎಲ್ಲಿ?

ಇದರಲ್ಲೊಂದು ವಿಚಿತ್ರವಿದೆ. 2010ರ ದಶಕದಲ್ಲಿ ಏರ್‌ಫಿಕ್ಸಿನ ಅನೇಕ ಪೆಟ್ಟಿಗೆಗಳ ಮೇಲೆ 'ಭಾರತದಲ್ಲಿ ತಯಾರಿಸಿದುದು' ಎಂಬ ಮಾತು ಅಚ್ಚಾಗಿತ್ತು. ಅಂದರೆ ಅಚ್ಚು ತುಂಬುವ ಕುಶಲತೆ ಇಲ್ಲಿಗೆ ಹೊಸದಲ್ಲ. ಕರ್ನಾಟಕದಲ್ಲಿಯೇ ನೋಡಿದರೆ, ಬೆಳಗಾವಿ ಜಿಲ್ಲೆಯಲ್ಲಿ ನಿಜವಾದ ವಿಮಾನಗಳ ಬಿಡಿಭಾಗಗಳನ್ನು ತಯಾರಿಸುವ ಏಕಸ್ ಸಂಸ್ಥೆಯೇ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಆಟಿಕೆಗಳ ಕಾರ್ಖಾನೆ ಸಮೂಹವನ್ನು ಕಟ್ಟಿದೆ. ದೊಡ್ಡ ವಿಮಾನವೂ ಆಟಿಕೆಯೂ ಒಂದೇ ಒಡೆತನದಲ್ಲಿ ಸೇರಿರುವ ನಾಡಿನಲ್ಲಿ, ಆಟಿಕೆಯ ವಿಮಾನ ಮಾತ್ರ ಹಡಗೇರಿ ಬರಬೇಕೇ?

ಮಾದರಿಗೆ ವಸ್ತುವಾಗಬಲ್ಲ ಕಥೆಗಳಿಗೂ ಕೊರತೆಯಿಲ್ಲ. ಭಾರತೀಯ ವಿಜ್ಞಾನ ಮಂದಿರದಲ್ಲಿ 1942ರಲ್ಲಿ ಆರಂಭವಾದ ವಿಮಾನಶಾಸ್ತ್ರ ವಿಭಾಗವನ್ನು ಕಟ್ಟಿದ ಡಾ. ವಿ. ಎಂ. ಘಾಟಗೆಯವರು ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಬೆಂಗಳೂರಿನ ಆಕಾಶಕ್ಕೇರಿತು. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ರೂಪುಗೊಂಡ ಮಾರುತ 1961ರ ಜೂನ್ 17ರಂದು ಹಾರಿತು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಕಾದಿತು. ತೇಜಸ್ 2001ರ ಜನವರಿ 4ರಂದು ಮೊದಲು ಹಾರಿತು. 2025ರ ಸೆಪ್ಟೆಂಬರ್ 26ರಂದು ಮಿಗ್-21 ವಾಯುಪಡೆಯಿಂದ ಬೀಳ್ಕೊಂಡಾಗ, ಅದರ ನೆನಪೊಂದು ಮನೆಯ ಷೋಕೇಸಿನಲ್ಲಿರಲಿ ಎಂದು ಬಯಸಿದವರೆಷ್ಟು ಮಂದಿ! ಆದರೂ ದೊಡ್ಡ ಹೆಸರಿನ ತಯಾರಕರಲ್ಲಿ ಸ್ಪಿಟ್‌ಫೈರಿಗೆ ದೊರೆತ ಮನ್ನಣೆಯ ನೂರರಲ್ಲೊಂದು ಪಾಲೂ ಮಾರುತಕ್ಕೆ ದೊರೆತಿಲ್ಲ. ತನ್ನ ನಾಡಿನ ವಿಮಾನವನ್ನು ಕೈಯಲ್ಲಿ ಹಿಡಿಯದ ಹುಡುಗ ಪರನಾಡಿನ ವಿಮಾನಗಳ ಹೆಸರುಗಳನ್ನೇ ಗಿಳಿಪಾಠ ಮಾಡುತ್ತಾನೆ.

ಬೆಂಡು, ರಟ್ಟು, ಅಂಟು

ಹಾಗೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ರೈಟ್ ಸೋದರರ ವಿಮಾನದ ಪ್ರತಿಕೃತಿಯಿದೆ. ಹಿಂದೂಸ್ತಾನ್ ವಿಮಾನ ಕಾರ್ಖಾನೆಯ ಸಂಗ್ರಹಾಲಯದಲ್ಲಿ ಎಚ್‌ಟಿ-2, ಮಾರುತಗಳನ್ನು ಹತ್ತಿರದಿಂದಲೇ ಕಾಣಬಹುದು. ಎನ್‌ಸಿಸಿಯ ವಾಯುವಿಭಾಗದಲ್ಲಿ ವಿಮಾನದ ಮಾದರಿ ಕಟ್ಟುವುದು ತರಬೇತಿಯ ಅಂಗವೇ ಆಗಿದೆ. ರಜೆಯಲ್ಲಿ ಮಗನನ್ನೋ ಮಗಳನ್ನೋ ಒಮ್ಮೆ ಕರೆದೊಯ್ದು, ವಿಮಾನವನ್ನು ಎದುರಿನಿಂದ, ಮಗ್ಗುಲಿನಿಂದ, ಹಿಂದಿನಿಂದ ನೋಡಿ ಚಿತ್ರ ಬರೆಸಿದರೆ ಅರ್ಧ ಕಿಟ್ ಆಗಲೇ ಕೈಗೆ ಬಂದಂತೆ.

ಉಳಿದರ್ಧ ಮನೆಯಲ್ಲಿದೆ. ಲಗ್ನಪತ್ರಿಕೆಯ ದಪ್ಪ ಕಾಗದ, ರಟ್ಟು, ಬೆಂಡು, ಅಂಟು, ಉಪ್ಪುಕಾಗದ, ಒಂದು ಅಳತೆಪಟ್ಟಿ ಇವಿಷ್ಟಿದ್ದರೆ ಹನ್ನೆರಡೂವರೆ ಸೆಂಟಿಮೀಟರಿನ ಮಾರುತ ಒಂದು ಭಾನುವಾರದಲ್ಲಿ ರೂಪುಗೊಳ್ಳಬಲ್ಲದು. ಮೊದಲನೆಯದರ ಮೂಗು ಸೊಟ್ಟಗಾಗುತ್ತದೆ. ಎರಡನೆಯದರ ರೆಕ್ಕೆ ಒಂದು ಮೇಲೆ, ಒಂದು ಕೆಳಗೆ. ಮೂರನೆಯದನ್ನು ಅಮ್ಮ ಅಡಿಗೆಮನೆಯಿಂದ ಬಂದು ನೋಡಿ, ಕೈಯೊರೆಸಿಕೊಂಡು ಮುಟ್ಟುತ್ತಾಳೆ. ಅಮೆರಿಕದ ಶಾಲೆಯ ಮಕ್ಕಳು ಅಂದು ಕೆತ್ತಿದ ಮರದ ತುಂಡುಗಳಿಗೂ ಆರಂಭ ಹೀಗೆಯೇ ಇದ್ದಿರಬೇಕು.

ಪೆಟ್ಟಿಗೆಯ ವಿಮಾನ ಬರುವ ದಿನ ಬರಲಿ. ಇಲ್ಲಿಯೇ ತಯಾರಾಗಿ, ಹುಡುಗನ ಕೈಗೆಟುಕುವ ಬೆಲೆಗೆ ಬರಲಿ. ಅಲ್ಲಿಯವರೆಗೆ ಭೀಮನಬೀಡಿನ ಹುಡುಗನಿಗೆ ಕಾಯುವ ಕೆಲಸವೊಂದೇ ಅಲ್ಲ, ಕಟ್ಟುವ ಕೆಲಸವೂ ಇದೆ. ಪೆಟ್ಟಿಗೆ ಬಂದಾಗ ಅದನ್ನು ಬಿಚ್ಚುವ ಬೆರಳುಗಳು ಬೆಂಡಿನ ಮಾರುತವನ್ನು ಕಟ್ಟಿ ಪಳಗಿದ ಬೆರಳುಗಳಾಗಿದ್ದರೆ, ಕೊಟ್ಟ ಹಣದ ಒಂದು ಕಾಸೂ ವ್ಯರ್ಥವಾಗದು.